ಮೂರನೆಯ ಮಳೆಗಾಲ

ಲಂಟಾನದ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಒಂದು ಕಟುವಾಸನೆ ಬರುತ್ತದೆ. ಸೋಪು ಹಾಕಿ ತೊಳೆದರೂ ಬೇಗ ಬಿಡುವುದಿಲ್ಲ. ಆ ವಾಸನೆ ಮೂಗಿಗೆ ತಾಗಿದಾಗಲೆಲ್ಲ ನನಗೆ ಗೌರಿಯ ಕಿವಿಗಳು ಕಣ್ಣೆದುರು ಬರುತ್ತವೆ.

1987ರ ಬೇಸಿಗೆ. ನಾನಾಗ ಎಂಟನೇ ಕ್ಲಾಸು. ತೀರ್ಥಹಳ್ಳಿ ಸೀಮೆಯ ನಮ್ಮ ಮನೆಯ ಕೊಟ್ಟಿಗೆಯಲ್ಲಿ ಆರೇಳು ಮಲೆನಾಡು ಗಿಡ್ಡ ದನಗಳಿದ್ದವು. ಹಾಲು ಸಾಲುವುದಿಲ್ಲವೆಂದು ಅಪ್ಪಯ್ಯ ಬಯಲುಸೀಮೆಯಿಂದ ಕಪ್ಪು ಬಿಳುಪಿನ ಒಂದು ಹಸು ತಂದಿದ್ದರು. ಗೌರಿ ಎಂದು ಹೆಸರಿಟ್ಟವರು ಅಮ್ಮ. ನಮ್ಮ ಗಿಡ್ಡ ದನಗಳು ಲಂಟಾನದ ಪೊದೆಗೆ ಮೈ ಉಜ್ಜಿಕೊಂಡು ಹೋಗುತ್ತಿದ್ದವೇ ಹೊರತು ಅದಕ್ಕೆ ಬಾಯಿ ಹಾಕುತ್ತಿರಲಿಲ್ಲ. ಗೌರಿಗೆ ಆ ಗಿಡ ಹೊಸದು. ಹುಲ್ಲು ಒಣಗಿದ್ದ ಏಪ್ರಿಲ್‌ನಲ್ಲಿ ಹಸಿರಾಗಿ ಕಂಡದ್ದು ಅದೊಂದೇ, ಹೊಟ್ಟೆತುಂಬ ತಿಂದು ಬಂತು.

ಮೂರನೇ ದಿನಕ್ಕೆ ಮೇವು ಬಿಟ್ಟಿತು. ಕಣ್ಣಿನ ಬಿಳಿಭಾಗ ಅರಿಸಿನದ ಹಾಗಾಯಿತು. ಮೈಮೇಲೆ ಬಿಳಿ ಕೂದಲಿದ್ದ ಕಡೆಯಲ್ಲೆಲ್ಲ ಚರ್ಮ ಕೆಂಪೇರಿ ಬಿರಿಯಿತು. ಎಷ್ಟು ಎಳೆದರೂ ಕೊಟ್ಟಿಗೆಯ ಕತ್ತಲು ಬಿಟ್ಟು ಅಂಗಳಕ್ಕೆ ಬರಲೊಲ್ಲದು. ದನದ ಡಾಕ್ಟರು ಬಂದು ನೋಡಿ, "ಬಿಸಿಲು ಸೋಕಿಸಲೇಬೇಡಿ, ಇದು ಲಂಟಾನದ ನಂಜು" ಅಂದರು. ಎಲೆಯಲ್ಲಿರುವ ವಿಷ ಪಿತ್ತಜನಕಾಂಗವನ್ನು ಕೆಡಿಸುತ್ತದೆ. ಹಸಿರು ಮೇವಿನಿಂದ ಹುಟ್ಟಿ ಪಿತ್ತದ ಜೊತೆ ಹೊರಗೆ ಹೋಗಬೇಕಾದ ವಸ್ತು ಹಾಗೇ ರಕ್ತದಲ್ಲಿ ಉಳಿದು ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಡುತ್ತದೆ ಎಂದು ಅವರು ನನಗೂ ತಿಳಿಯುವಂತೆ ಬಿಡಿಸಿ ಹೇಳಿದರು. ಅಮ್ಮ ತಿಂಗಳುಗಟ್ಟಲೆ ಬೇವಿನೆಣ್ಣೆ ಸವರಿದರು. ಗೌರಿ ಬದುಕಿತು. ಎರಡೂ ಕಿವಿಗಳ ಅಂಚು ಮಾತ್ರ ಹಪ್ಪಳದ ಹಾಗೆ ಒಣಗಿ ಉದುರಿಹೋದವು.

ಆ ಲಂಟಾನವನ್ನು ನೆಟ್ಟವರು ಹೊರಗಿನವರಲ್ಲ, ನಮ್ಮ ಅಜ್ಜನೇ. ದನ ಮೇಯುವ ನಮ್ಮ ಬ್ಯಾಣದ ದರೆಗೆ ಬೇಲಿಯಾಗಲಿ, ದನ ಮುಟ್ಟದ ಗಿಡ, ನೀರು ಬೇಡ, ಆರೈಕೆ ಬೇಡ ಎಂದು ಕೊಂಬೆ ತಂದು ಊರಿದ್ದರಂತೆ. ಅವರಿಗೂ ನೂರು ವರ್ಷ ಮೊದಲು, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ, ಅಮೆರಿಕದ ಉಷ್ಣವಲಯದ ಈ ಗಿಡವನ್ನು ಹೂವಿನ ಚೆಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದಿದ್ದರು. ಮಕ್ಕಳಾಗಿದ್ದಾಗ ನಾವೂ ಅದರ ಹೂವಿನ ತೊಟ್ಟು ಕಿತ್ತು ಸಿಹಿ ಚೀಪಿದವರೇ. ಬೇಕೆಂದು ಕರೆತಂದದ್ದು ಬೇಡವಾಗುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆ, ಯಾವ ಹೊತ್ತಿಗೆ ಅದು ಬೇಲಿ ದಾಟುತ್ತದೆ ಎಂಬುದನ್ನು ನಮ್ಮ ಎರಡು ಎಕರೆ ಬ್ಯಾಣವೇ ನನಗೆ ಕಲಿಸಿತು.

ದನಗಳಿದ್ದಷ್ಟು ಕಾಲ ಲಂಟಾನ ದರೆಯ ಮೇಲೇ ಇತ್ತು. ಮೇಯುವ ಬಾಯಿ, ತುಳಿಯುವ ಗೊರಸು, ಸೊಪ್ಪಿಗೆ ಬರುವ ಹೆಂಗಸರ ಕತ್ತಿ, ವರ್ಷಕ್ಕೊಮ್ಮೆ ಹುಲ್ಲು ಕೊಯ್ಯುವ ಕೈಗಳು ಇವೆಲ್ಲ ಸೇರಿ ಅದನ್ನು ಅಲ್ಲೇ ತಡೆದಿದ್ದವು. ನಾನು ಓದು ಮುಗಿಸಿ ಕೆಲಸ ಹಿಡಿದು ಶಿವಮೊಗ್ಗ ಸೇರಿದೆ. ತಂಗಿಯರು ಮದುವೆಯಾಗಿ ಹೋದರು. ದನ ಕಾಯುವವರು ಸಿಗದೆ 1996ರಲ್ಲಿ ಅಪ್ಪಯ್ಯ ಒಂದನ್ನು ಉಳಿಸಿಕೊಂಡು ಮಿಕ್ಕ ದನಗಳನ್ನೆಲ್ಲ ಕೊಟ್ಟುಬಿಟ್ಟರು. ಅಲ್ಲಿಂದ ಎಂಟು ವರ್ಷ. ಒಂದು ದೀಪಾವಳಿಗೆ ಊರಿಗೆ ಹೋದವನು ಮಕ್ಕಳಿಗೆ ಮೇಲಿನ ಕೆರೆ ತೋರಿಸೋಣವೆಂದು ಹೊರಟರೆ ದಾರಿಯೇ ಇಲ್ಲ. ತಲೆಯೆತ್ತರದ ಪೊದೆ. ಒಳಗೆ ಹಂದಿ ನುಗ್ಗಿ ಹೋದ ಬಿಲಗಳು. ಆ ಬ್ಯಾಣದಲ್ಲಿ ನಾನು ಕಣ್ಣುಮುಚ್ಚಿ ಓಡಬಲ್ಲವನಾಗಿದ್ದೆ. ಅಂದು ಅಂಚಿನಲ್ಲಿ ನಿಂತು ವಾಪಸ್ಸು ಬಂದೆ.

ಮರುವರ್ಷ ಹತ್ತು ಆಳು ಮಾಡಿ ಕಡಿಸಿದೆವು. ಕಡಿದು, ಒಣಗಿಸಿ, ಮಾರ್ಚಿನಲ್ಲಿ ಬೆಂಕಿ ಕೊಟ್ಟೆವು. ನೆಲ ಬೋಳಾಯಿತು, ಗೆದ್ದೆವೆಂದುಕೊಂಡೆ. ಜೂನ್ ಹೊತ್ತಿಗೆ ಒಂದೊಂದು ಕೂಳೆಯಿಂದಲೂ ಹತ್ತು ಹತ್ತು ಚಿಗುರು. ಬೂದಿ ಬಿದ್ದ ಬರಿನೆಲದಲ್ಲಿ ಬೀಜ ಮೊಳೆತ ಸಸಿಗಳು ಬೇರೆ. ಎರಡೇ ವರ್ಷಕ್ಕೆ ಬ್ಯಾಣ ಮೊದಲಿಗಿಂತ ದಟ್ಟವಾಗಿ ಮುಚ್ಚಿತು.

ಕೊಟ್ಟಿಗೆ ಕೆಲಸಕ್ಕೆ ಬರುತ್ತಿದ್ದ ಅಜ್ಜಿಯೊಬ್ಬರು ಇದನ್ನೆಲ್ಲ ನೋಡುತ್ತಲೇ ಇದ್ದರು. ಒಂದು ದಿನ ಎಲೆಗೆ ಸುಣ್ಣ ಹಚ್ಚುತ್ತಾ, "ಕತ್ತಿಲಿ ಕಡ್ದ್ರೆ ಅದು ಸಾಯಲ್ಲ ಅಯ್ಯ, ಸಿಟ್ಟಿಂದ ಬೆಳೀತದೆ. ಬುಡ ಎತ್ತಿ ತಲೆಕೆಳಗೆ ಮಾಡಿ ಇಡ್ಬೇಕು. ಆಮೇಲೆ ಮೂರು ಮಳೆಗಾಲ ಬಂದು ಬಂದು ನೋಡ್ಬೇಕು" ಅಂದರು. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಹೇಳಿಕೊಟ್ಟ ವಿಧಾನವನ್ನು ನಾನು ಓದಿದ್ದು ಆಮೇಲೆ. ಲಂಟಾನ ಚಿಗುರುವುದು ಕಾಂಡವೂ ಬೇರೂ ಕೂಡುವ ಗಂಟಿನಿಂದ. ಆ ಗಂಟಿನ ಕೆಳಗೆ, ನೆಲದ ಮಟ್ಟದಿಂದ ಮೂರರಿಂದ ಐದು ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಎತ್ತಿ ಬೇರು ಮೇಲಾಗಿ ಬೋರಲು ಹಾಕಬೇಕು. ಅಜ್ಜಿ ಹೇಳಿದ್ದಕ್ಕೂ ಪ್ರೊಫೆಸರ್ ಬರೆದದ್ದಕ್ಕೂ ವ್ಯತ್ಯಾಸವಿರಲಿಲ್ಲ.

2009ರ ನವೆಂಬರ್‌ನಲ್ಲಿ, ನೆಲದ ಪಸೆ ಇನ್ನೂ ಆರದಿದ್ದಾಗ, ಶುರುಮಾಡಿದೆವು. ಕತ್ತಿಯ ಬದಲು ಪಿಕಾಸಿ. ಮೊದಲು ಕೊಂಬೆಗಳನ್ನು ಒತ್ತಟ್ಟಿಗೆ ಬಾಗಿಸಿ ಒಬ್ಬರು ಕಾಲಲ್ಲಿ ಮೆಟ್ಟಿ ಹಿಡಿಯಬೇಕು. ಇನ್ನೊಬ್ಬರು ಬುಡದ ಮಣ್ಣು ಸರಿಸಿ, ಪಿಕಾಸಿಯ ಅಗಲದ ಬಾಯಿಯನ್ನು ಓರೆಯಾಗಿ ಒಂದೇ ಏಟಿಗೆ ಇಳಿಸಬೇಕು. ಏಟು ಸರಿಯಾಗಿ ಬಿದ್ದರೆ ಒಳಗೆ 'ಕಟಕ್' ಎನ್ನುತ್ತದೆ, ಗಿಡ ಕೈಗೆ ಬರುತ್ತದೆ. ತಪ್ಪಿದರೆ ತೊಗಟೆ ಸುಲಿದು ಬೇರು ಅಲ್ಲೇ ಉಳಿಯುತ್ತದೆ, ಮತ್ತೆ ಕೆದಕಬೇಕು. ತೋಳು, ಮೊಣಕಾಲೆಲ್ಲ ಮುಳ್ಳು ಗೀರಿದ ಗೆರೆಗಳು. ಅಪ್ಪಯ್ಯನಿಗೆ ಆಗ ಎಪ್ಪತ್ತೆರಡು. ಪಿಕಾಸಿ ಹಿಡಿಯಲಾಗದೆ, ಎತ್ತಿದ ಗಿಡಗಳನ್ನು ಒಂದೊಂದಾಗಿ ಎಳೆದು ಬೋರಲು ಒಟ್ಟುವ ಕೆಲಸವನ್ನು ಅವರೇ ವಹಿಸಿಕೊಂಡರು. ದಿನಕ್ಕೆ ಮೂರು ನಾಲ್ಕು ಗುಂಟೆಗಿಂತ ಹೆಚ್ಚು ಸಾಗುತ್ತಿರಲಿಲ್ಲ.

ಆದರೆ ಕಿತ್ತ ಜಾಗವನ್ನು ಹಾಗೇ ಬಿಟ್ಟರೆ ಮತ್ತೆ ಅದೇ ಬರುತ್ತದೆಂದು ಹಿಂದಿನ ಸಲವೇ ಪಾಠವಾಗಿತ್ತು. ಮಳೆ ಹಿಡಿಯುವ ಮುನ್ನ ಹುಲ್ಲಿನ ಬೀಜ ಎರಚಿದೆವು. ನೇರಳೆ, ಹಲಸು, ನೆಲ್ಲಿ ನೆಟ್ಟೆವು. ಹುಲ್ಲು ಬೇರೂರಿದ ಮೇಲೆ ಪಕ್ಕದ ಮನೆಯವರಿಗೆ, ದನ ಬಿಡಿ, ನಮಗೆ ಅದೇ ಉಪಕಾರ ಅಂದೆವು. ಮೊದಲ ಮಳೆಗಾಲದಲ್ಲಿ ಲಂಟಾನದ ಸಸಿ ಸಾವಿರಗಟ್ಟಲೆ. ಎರಡನೆಯದರಲ್ಲಿ ನೂರುಗಟ್ಟಲೆ. ಆಗ ಅಪ್ಪಯ್ಯ ಒಂದು ಸಂಗತಿ ಗಮನಿಸಿದರು. ಸಸಿಗಳು ಎಲ್ಲ ಕಡೆ ಒಂದೇ ಸಮ ಹುಟ್ಟುತ್ತಿರಲಿಲ್ಲ. ಹಳೆಯ ಮರಗಳ ಕೆಳಗೆ ಮಾತ್ರ ದಟ್ಟ. ಪಿಕಳಾರ ಹಕ್ಕಿಗಳು ಎಲ್ಲೋ ಹಣ್ಣು ತಿಂದು ಬಂದು, ಮರದಲ್ಲಿ ಕೂತು ಬೀಜ ಉದುರಿಸುತ್ತಿದ್ದವು. ಅಂದಿನಿಂದ ಬ್ಯಾಣವನ್ನೆಲ್ಲ ಸುತ್ತುವುದು ಬಿಟ್ಟು ಮರದಿಂದ ಮರಕ್ಕೆ ಹೋಗಿ ಅದರ ನೆರಳಲ್ಲಿ ಹುಡುಕಿದೆವು. 2012ರ ಮಳೆಗಾಲಕ್ಕೆ ಬ್ಯಾಣದಲ್ಲಿ ಮೊಣಕಾಲೆತ್ತರದ ಹುಲ್ಲು ನಿಂತಿತು. ಮಕ್ಕಳನ್ನು ಕೆರೆಗೆ ಕರೆದುಕೊಂಡು ಹೋದೆ.

ಇಷ್ಟಾಗುವ ಹೊತ್ತಿಗೆ ತೋಟದೊಳಗೆ ಇನ್ನೊಂದು ಬಂದಿತ್ತು. 2014ರ ಆಷಾಢದಲ್ಲಿ ಅಮ್ಮ ಫೋನು ಮಾಡಿ, "ವೀಳ್ಯದೆಲೆ ಬಳ್ಳಿಯಲ್ಲಿ ಎಲೆ ಇಲ್ಲ ಮಾರಾಯ, ಬರೀ ದಂಟು" ಅಂದರು. ಶನಿವಾರ ಹೋಗಿ, ರಾತ್ರಿ ಟಾರ್ಚು ಹಿಡಿದು ತೋಟಕ್ಕಿಳಿದರೆ ಅಡಿಕೆಮರದ ಬುಡ, ಬಾಳೆಯ ದಿಂಡು, ಬೀನ್ಸಿನ ಓಳಿ, ಎಲ್ಲೆಲ್ಲೂ ಅಂಗೈ ಉದ್ದದ ಬಸವನಹುಳುಗಳು. ಕಂದು ಚಿಪ್ಪಿನ ಮೇಲೆ ಬೆಂಕಿಯ ನಾಲಿಗೆಯಂಥ ಗೆರೆ. ಆಫ್ರಿಕದ ದೈತ್ಯ ಬಸವನಹುಳು. ಅದೂ ಕೈಯಾರೆ ತಂದದ್ದೇ. ವಿಲಿಯಂ ಬೆನ್ಸನ್ ಎಂಬ ಬ್ರಿಟಿಷ್ ಅಧಿಕಾರಿ 1847ರಲ್ಲಿ ಮಾರಿಷಸ್‌ನಿಂದ ತಂದು ಕಲ್ಕತ್ತೆಯ ಚೌರಂಗಿಯ ತೋಟವೊಂದರಲ್ಲಿ ಬಿಟ್ಟನಂತೆ. ನಮ್ಮ ತೋಟಕ್ಕೆ ಬಂದದ್ದು ಬಹುಶಃ ಹಿಂದಿನ ವರ್ಷ ಹೊರಗಿನಿಂದ ತರಿಸಿದ ಬಾಳೆಕಂದಿನ ಮಣ್ಣಿನಲ್ಲಿ. ಒಂದೇ ಹುಳುವಿನಲ್ಲಿ ಗಂಡೂ ಇದೆ, ಹೆಣ್ಣೂ ಇದೆ. ಕೂಡಿದ ಮೇಲೆ ಎರಡೂ ಮೊಟ್ಟೆಯಿಡಬಲ್ಲವು, ಒಂದು ಸಲಕ್ಕೆ ನೂರಕ್ಕೂ ಹೆಚ್ಚು. ಹಾಳೆಯ ರಾಶಿ ಎತ್ತಿದರೆ ಮೆಣಸಿನ ಕಾಳಿನ ಗಾತ್ರದ, ಕೆನೆಬಣ್ಣದ ಮೊಟ್ಟೆಗಳ ಗುಂಪು ಸಿಗುತ್ತಿತ್ತು.

ಅವಸರದಲ್ಲಿ ನಾನು ಪೇಟೆಯಿಂದ ಬಸವನಹುಳುವಿನ ವಿಷದ ಗುಳಿಗೆ ತಂದೆ. ತವುಡಿನ ಜೊತೆ ಮೆಟಾಲ್ಡಿಹೈಡ್ ಸೇರಿಸಿ ಮಾಡುವ ಗುಳಿಗೆ ಅದು. ಬಳ್ಳಿಯ ಬುಡಕ್ಕೆಲ್ಲ ಎರಚಿ, ಬೆಳಿಗ್ಗೆ ಸತ್ತುಬಿದ್ದ ಹುಳುಗಳನ್ನು ಎಣಿಸಿ ಸಂತೋಷಪಟ್ಟು ಶಿವಮೊಗ್ಗಕ್ಕೆ ಹೊರಡುವುದರಲ್ಲಿದ್ದೆ. ತವುಡಿನ ವಾಸನೆಗೆ ಮನೆಯ ನಾಯಿ ಕೆಂಚ ಅದನ್ನು ನೆಕ್ಕಿತ್ತು. ಅಂಗಳದಲ್ಲಿ ಬಿದ್ದು ನಾಲ್ಕೂ ಕಾಲು ಸೆಟೆದು ನಡುಗತೊಡಗಿತು. ಮುಟ್ಟಿದರೆ ಸಾಕು, ಇನ್ನಷ್ಟು ಎಳೆಯುತ್ತಿತ್ತು. ಜೀಪಿನಲ್ಲಿ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿದೆವು. ಇಡೀ ರಾತ್ರಿ ಸೆಳೆತಕ್ಕೆ ಮದ್ದು ಕೊಟ್ಟು ಮಲಗಿಸಿದರು. ಕೆಂಚ ಉಳಿದುಕೊಂಡಿತು.

ಅದನ್ನು ಕರೆದುಕೊಂಡು ಮಾರನೆಯ ಸಂಜೆ ಮನೆಗೆ ಬಂದರೆ ಅಪ್ಪಯ್ಯ ಮನೆಯಲ್ಲಿಲ್ಲ. ತೋಟದಲ್ಲಿ ಬೆಳಕು ಕಂಡಿತು. ಕಂಬಳಿಕೊಪ್ಪೆ ಹಾಕಿಕೊಂಡು, ಜಿಟಿಜಿಟಿ ಮಳೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಟಾರ್ಚನ್ನು ಹಲ್ಲಲ್ಲಿ ಕಚ್ಚಿ ಹಿಡಿದು, ಉಳಿದ ಗುಳಿಗೆಗಳನ್ನು ಒಂದೊಂದೇ ಹೆಕ್ಕಿ ಹಾಲಿನ ಡಬ್ಬಕ್ಕೆ ಹಾಕುತ್ತಿದ್ದರು. ಕೈಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಕೊಂಡಿದ್ದರು. ಕರಗಿ ಮೆತ್ತಗಾದದ್ದನ್ನು ಮಣ್ಣಿನ ಸಮೇತ ಕೆರೆದು ತೆಗೆಯುತ್ತಿದ್ದರು. ನನ್ನನ್ನು ಬೈಯಲಿಲ್ಲ. "ಕೆಂಬೂತ ದಿನಾ ಇಲ್ಲಿ ಓಡಾಡ್ತದೆ ಮಗಾ. ಅದು ಈ ಹುಳ ತಿನ್ನೋದು ನಾನೇ ನೋಡಿದೀನಿ" ಅಂದರು, ಅಷ್ಟೇ. ನಾನೂ ಪಕ್ಕದಲ್ಲಿ ಕೂತು ಹೆಕ್ಕಿದೆ. ವಿಷ ಹಾಕುವಾಗ ನನ್ನ ಕಣ್ಣಿಗೆ ಬಿದ್ದದ್ದು ಹುಳು ಮಾತ್ರ. ನಾಯಿ, ಕೆಂಬೂತ, ಬಸಿಗಾಲುವೆಯಲ್ಲಿ ಹರಿದು ಕೆಳಗಿನ ಗದ್ದೆಗೆ ಹೋಗುವ ನೀರು, ಇವೆಲ್ಲವೂ ಅಪ್ಪಯ್ಯನ ಲೆಕ್ಕದಲ್ಲಿದ್ದವು.

ಆಮೇಲೆ ನಾವು ಹಿಡಿದದ್ದು ಕೈಯ ದಾರಿ. ಸಂಜೆ ಒದ್ದೆ ಗೋಣಿಚೀಲ ಹಾಸಿ, ಅದರ ಮೇಲೆ ಪಪ್ಪಾಯಿ ಎಲೆ, ಕೋಸಿನ ಸಿಪ್ಪೆ ಇಡುವುದು. ರಾತ್ರಿ ಎಂಟರ ಹೊತ್ತಿಗೆ ಹುಳುಗಳೆಲ್ಲ ಅಲ್ಲಿಗೆ ಬಂದಿರುತ್ತವೆ. ಅವುಗಳ ಲೋಳೆಯಲ್ಲಿ ಮಿದುಳಿನ ಪೊರೆಗೆ ಬೇನೆ ತರುವ ಸೂಕ್ಷ್ಮ ಹುಳು ಇರಬಹುದಾದ್ದರಿಂದ ಬರಿಗೈಯಲ್ಲಿ ಮುಟ್ಟದೆ ಕೈಗವಸು ಹಾಕಿ ಆರಿಸಿ, ಉಪ್ಪುನೀರಿನ ಬಕೆಟ್ಟಿಗೆ ಹಾಕಬೇಕು. ಸತ್ತವನ್ನು ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಬೇಕು. ಬುಡದ ಹಾಳೆ, ಸೋಗೆ ಎತ್ತಿ ಮೊಟ್ಟೆ ಹುಡುಕಬೇಕು. ಹೊರಗಿನಿಂದ ಗಿಡವೋ ಗೊಬ್ಬರವೋ ಬಂದರೆ ಅಂಗಳದಲ್ಲೇ ಸುರಿದು ನೋಡದೆ ತೋಟಕ್ಕೆ ಒಯ್ಯಬಾರದು. ಮೊದಲ ವಾರ ದಿನಕ್ಕೆ ಎರಡೆರಡು ಬಕೆಟ್ಟು ತುಂಬುತ್ತಿತ್ತು. ಕೆಳಗಿನ ಮನೆಯವರು, ಮೇಲಿನ ಮನೆಯವರು ಸೇರಿ ಒಟ್ಟಿಗೆ ಆರಿಸತೊಡಗಿದ ಮೇಲೆಯೇ ಅದು ಇಳಿದದ್ದು. ಹುಳುವಿಗೆ ಗಡಿಕಲ್ಲು ಗೊತ್ತಿಲ್ಲವಲ್ಲ.

ಪೇಟೆಯಲ್ಲೂ ಇದೇ ಪಾಡು. ಶಿವಮೊಗ್ಗದ ನನ್ನ ಬಾಡಿಗೆಮನೆಯ ಪಕ್ಕ ಮೂವತ್ತು–ನಲವತ್ತರ ಒಂದು ಖಾಲಿ ಸೈಟಿತ್ತು. ಒಡೆಯರು ದೂರದಲ್ಲೆಲ್ಲೋ ಇದ್ದರು. ಮಳೆ ಬಿದ್ದ ಒಂದೇ ತಿಂಗಳಿಗೆ ಅದು ಕಾಂಗ್ರೆಸ್ ಗಿಡದಿಂದ ಬೆಳ್ಳಗಾಗುತ್ತಿತ್ತು. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಈ ಪಾರ್ಥೇನಿಯಂ ಅಮೆರಿಕದ ಗೋಧಿಯ ಜೊತೆ ಬಂತೆಂದು ಹೇಳುತ್ತಾರೆ. ಕರ್ನಾಟಕ ಸರ್ಕಾರ 1975ರಲ್ಲೇ ಅದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತ್ತು. ಆ ಹೂವಿನ ಕಾಲ ಬಂದರೆ ನನ್ನ ಹೆಂಡತಿಗೆ ಮೊಣಕೈ, ಕತ್ತಿನಲ್ಲಿ ತುರಿ, ರಾತ್ರಿ ಉಬ್ಬಸ. ಎರಡು ವರ್ಷ ಹೂವಾದ ಮೇಲೆ ಕೀಳಿಸಿ, ಬೀಜವನ್ನೆಲ್ಲ ನಾವೇ ನೆಲಕ್ಕೆ ಉದುರಿಸಿದೆವು. ಒಂದೊಂದು ಗಿಡದಲ್ಲಿ ಸಾವಿರಗಟ್ಟಲೆ ಬೀಜ.

ಮೂರನೇ ವರ್ಷ ಬ್ಯಾಣದ ಪಾಠವನ್ನು ಇಲ್ಲಿಗೂ ತಂದೆ. ಒಡೆಯರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಮೊದಲ ಮಳೆಗೆ ನೆಲ ಮೆತ್ತಗಾದಾಗ, ಮೊಗ್ಗು ಕಾಣುವ ಮೊದಲೇ ಬೀದಿಯ ನಾಲ್ಕು ಮನೆಯವರು ಕೈಗವಸು ಹಾಕಿಕೊಂಡು ಬೇರು ಸಮೇತ ಕಿತ್ತೆವು. ಊರಿಂದ ತಂದ ತಗಚೆ ಬೀಜ ಚೆಲ್ಲಿದೆವು. ತಗಚೆ ಬೇಗ ಎದ್ದು ನೆಲ ಮುಚ್ಚುತ್ತದೆ, ಕಾಂಗ್ರೆಸ್ಸಿಗೆ ಜಾಗ ಬಿಡುವುದಿಲ್ಲ. ಅದೇ ಆಗಸ್ಟಿನಲ್ಲಿ ಉಳಿದಿದ್ದ ಗಿಡಗಳ ಮೇಲೆ ಕೆನೆಬಣ್ಣದ ಬೆನ್ನಿಗೆ ಕಂದು ಗೆರೆಯಿದ್ದ ಪುಟ್ಟ ದುಂಬಿಗಳನ್ನು ಕಂಡೆ. ಎಲೆಯೆಲ್ಲ ಜರಡಿಯಾಗಿತ್ತು. ಮೆಕ್ಸಿಕೋದಿಂದ ತರಿಸಿ, ಪರೀಕ್ಷಿಸಿ, 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಗಳ ಸಂತತಿ ಅವು. ಮಳೆಗಾಲದಲ್ಲಿ ತಿಂದು, ಒಣಗಾಲದಲ್ಲಿ ಮಣ್ಣಿನೊಳಗೆ ನಿದ್ದೆ ಹೋಗುತ್ತವೆ. ನಾವು ಬೆಳಿಗ್ಗೆ ಒಂದು ಗಂಟೆ ಕಿತ್ತು ಒಳಗೆ ಹೋದರೆ ಅವು ಹಗಲಿಡೀ ಅಲ್ಲೇ ಇರುತ್ತಿದ್ದವು.

ಹೊತ್ತರಿತು ಮಾಡಬೇಕೆಂಬ ಮಾತನ್ನೇ ಬೇರೊಂದು ರೂಪದಲ್ಲಿ ಕೇಳಿದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ. ಅಲ್ಲಿಯ ಸೋಲಿಗರು ಮೊದಲು ಬೇಸಿಗೆಯ ಆರಂಭದಲ್ಲಿ, ತರಗೆಲೆ ಮಾತ್ರ ಸುಡುವಂತೆ ಸಣ್ಣ 'ತರಗು ಬೆಂಕಿ' ಕೊಡುತ್ತಿದ್ದರು. 1974ರಲ್ಲಿ ಆ ಕಾಡು ವನ್ಯಧಾಮವಾಯಿತು, ಬೆಂಕಿ ನಿಂತಿತು. ಲಂಟಾನ ಹಬ್ಬಿದ್ದು ಆಮೇಲೆ ಎಂದು ಹಿರಿಯ ಸೋಲಿಗರೊಬ್ಬರು ಕೈಯೆತ್ತಿ ತೋರಿಸಿದರು. ನಮ್ಮ ಬ್ಯಾಣದಲ್ಲಿ ಹೊತ್ತಲ್ಲದ ಹೊತ್ತಲ್ಲಿ ಕೊಟ್ಟ ಬೆಂಕಿ ಲಂಟಾನವನ್ನು ಬೆಳೆಸಿತ್ತು. ಅಲ್ಲಿ ಹೊತ್ತರಿತು ಕೊಡುತ್ತಿದ್ದ ಬೆಂಕಿ ಅದನ್ನು ತಡೆದಿತ್ತು. ಕಾಡಿನ ನೆಲವನ್ನು ಲಂಟಾನ ಮುಚ್ಚಿದರೆ ಹುಲ್ಲು ಸಾಯುತ್ತದೆ. ಹುಲ್ಲು ತಿನ್ನುವ ಕಡವೆ, ಕಾಟಿಗಳು ಹೊಲದ ಕಡೆ ತಿರುಗುತ್ತವೆ. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ತೆಗೆದು ಕುರ್ಚಿ, ಬುಟ್ಟಿ ಹೆಣೆಯುವುದನ್ನೂ ಕಂಡೆ. ಅಲ್ಲಿಂದ ತಂದ ಒಂದು ಬುಟ್ಟಿಯಲ್ಲಿ ಅಮ್ಮ ಈಗಲೂ ಎಲೆ ಅಡಿಕೆ ಇಡುತ್ತಾರೆ.

ಬ್ಯಾಣದ ಪೊದೆ ಹೋದ ಮೇಲೆ ನಮ್ಮಲ್ಲಿ ಹಂದಿಯ ಕಾಟವೂ ಇಳಿಯಿತು. ಹಗಲು ಮಲಗಲು ಗದ್ದೆಯ ಪಕ್ಕದಲ್ಲೇ ಇದ್ದ ಮರೆ ತಪ್ಪಿತು; ಬರುವುದಿದ್ದರೆ ಬಯಲು ದಾಟಿ ಬರಬೇಕು. ಹಂದಿಗೆಂದು ಉರುಳು ಇಡುವವರಿದ್ದಾರೆ. ಅದು ಅಪರಾಧವೆಂಬುದು ಒಂದು, ಆ ತಂತಿಗೆ ಚಿರತೆ ಬಿದ್ದು ನರಳಿದ ಸುದ್ದಿಗಳನ್ನು ಆಗಾಗ ಕೇಳುತ್ತೇವೆ ಎಂಬುದು ಇನ್ನೊಂದು. ವಿಷದ ಗುಳಿಗೆಯಂತೆಯೇ ಅದಕ್ಕೂ ಆರಿಸಿ ಹಿಡಿಯಲು ಬಾರದು. ನಾವು ಸೌರ ಬೇಲಿ ಹಾಕಿದೆವು. ಅದರ ತಂತಿಗೆ ಬಳ್ಳಿ ತಾಗದಂತೆ ಹದಿನೈದು ದಿನಕ್ಕೊಮ್ಮೆ ಸವರುತ್ತೇವೆ. ಸವರುವುದು ಬಿಟ್ಟರೆ ಬೇಲಿ ಇದ್ದೂ ಇಲ್ಲದಂತೆ.

ಬೇಡದ್ದು ಬಂದು ಕೂರುವುದು ನಾವು ಕಾಲಿಡುವುದನ್ನು ನಿಲ್ಲಿಸಿದ ಜಾಗದಲ್ಲಿ. ಬ್ಯಾಣ ಹಾಳಾದದ್ದನ್ನು ನಾನು ಬಹಳ ಕಾಲ ಲಂಟಾನದ ತಪ್ಪೆಂದು ತಿಳಿದಿದ್ದೆ. ದನ ಕೊಟ್ಟ ದಿನ, ನಾನು ಬಸ್ಸು ಹತ್ತಿದ ದಿನ ಅದು ಶುರುವಾಗಿತ್ತು. ಊರು ಬಿಟ್ಟದ್ದು ತಪ್ಪೆಂದು ಹೇಳುತ್ತಿಲ್ಲ. ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? ಆದರೆ ನೆಲವನ್ನು ಇಟ್ಟುಕೊಂಡವರು ಅದರ ಕಡೆ ಹೋಗಿ ಬರುತ್ತಿರಬೇಕು. ದುಡ್ಡು ಕೊಟ್ಟು ಒಂದೇ ಸಲ ಮುಗಿಸಿಬಿಡುವ ಕೆಲಸ ಇದರಲ್ಲಿ ಯಾವುದೂ ಇಲ್ಲ.

ಅಪ್ಪಯ್ಯ 2018ರ ಮಾಘದಲ್ಲಿ ತೀರಿಕೊಂಡರು. ಅದರ ಹಿಂದಿನ ಮಳೆಗಾಲದಲ್ಲೂ ಕೋಲೂರಿಕೊಂಡು ನೇರಳೆ ಮರದ ತನಕ ಬಂದಿದ್ದರು. ಬಗ್ಗಲಾಗದೆ ಕೋಲಿನ ತುದಿಯಿಂದ ಸಸಿ ತೋರಿಸುತ್ತಿದ್ದರು, ನಾನು ಕೀಳುತ್ತಿದ್ದೆ. ಈಗ ಆರಿದ್ರಾ ಮಳೆ ಕಳೆದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗುತ್ತೇನೆ. ನಾವೇ ನೆಟ್ಟ ನೇರಳೆಯೂ ದೊಡ್ಡದಾಗಿದೆ, ಅದರಲ್ಲೂ ಪಿಕಳಾರ ಕೂರುತ್ತವೆ. ಹೋದ ಸಲ ಅದರ ಕೆಳಗೆ ಹದಿನೇಳು ಸಸಿ ಸಿಕ್ಕವು. ಎರಡೆಲೆ, ನಾಲ್ಕೆಲೆಯವು. ಒದ್ದೆ ಮಣ್ಣಿನಿಂದ ಎರಡೇ ಬೆರಳಿಗೆ ಬಂದವು. ಮಗಳು ಕೈ ಮೂಸಿ ಮುಖ ಸಿಂಡರಿಸಿ, "ಅಪ್ಪಾ, ಇದರ ವಾಸನೆ ಯಾವಾಗ ಹೋಗತ್ತೆ?" ಅಂದಳು. "ಸಂಜೆಗೆ" ಅಂದು, ಅವಳನ್ನು ಮುಂದಿನ ಮರದ ಬುಡಕ್ಕೆ ಕರೆದುಕೊಂಡು ಹೋದೆ.